ಹೂಂ ಅನ್ನುವ ಎಮ್ಮೆ

ಗದ್ದೆಮ್ಮ ಹೈದರಾಬಾದಿನಲ್ಲಿ ಟಿವಿ ಕಾರ್ಟೂನುಗಳಿಗೆ ಕಥೆ ಬರೆಯುತ್ತಾಳೆ ಎಂದರೆ ಅವಳ ಊರಾದ ಸಂತೆಕಲ್ಲೂರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಕಥೆಗೆ ಪಗಾರ ಕೊಡುವವರು ಇದ್ದಾರೆಯೇ ಎಂಬುದು ಅವರ ಒಂದು ಅನುಮಾನ. ಇದ್ದರೂ ಈ ಹುಡುಗಿಗೆ ಕೊಟ್ಟಾರೆಯೇ ಎಂಬುದು ಇನ್ನೊಂದು. ಒಲೆಯ ಮೇಲೆ ಹಾಲಿಟ್ಟು, ಮೋಡದಲ್ಲಿ ಒಂಟೆ ಹುಡುಕುತ್ತ ನಿಂತು, ಎಷ್ಟೋ ಸಲ ಹಾಲುಕ್ಕಿಸಿದವಳು ಅವಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಅಜ್ಜಿ ಆದಮ್ಮ. ಅಜ್ಜಿ ರೊಟ್ಟಿಯ ಜೊತೆಗೆ ಪಲ್ಯ ಬಡಿಸಲು ಮರೆತಿರಬಹುದು, ಕಥೆ ಬಡಿಸಲು ಮರೆತವಳಲ್ಲ. ಹೀಗಾಗಿ ಈ ಲೋಕ ಎಲ್ಲಿಗೆ ಮುಗಿಯುತ್ತದೆ, ಆ ಲೋಕ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ ಅವಳ ಪಾಲಿಗೆ ಚಿಕ್ಕಂದಿನಿಂದಲೇ ಮಸುಕು. ತೊಂಬತ್ತೊಂದನೇ ಇಸವಿಯಲ್ಲಿ ಎಮ್ಮೆಯ ಪ್ರಸಂಗ ನಡೆದ ಮೇಲಂತೂ ಅದು ಪೂರ್ತಿ ಅಳಿಸಿಹೋಯಿತು.

ಅವಳು ಕೆಲಸ ಮಾಡುತ್ತಿದ್ದ ಕಂಪನಿ ಒಂದು ಟೈರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಕೆಳಗಿನ ರಬ್ಬರಿನ ವಾಸನೆ ಮೇಲಕ್ಕೇರಿ ಅಲ್ಲಿ ಹುಟ್ಟಿದ ರಾಜರು, ರಾಣಿಯರು, ಮೊಲಗಳು ಎಲ್ಲರೂ ಸುಟ್ಟ ಟ್ಯೂಬಿನಂತೆ ನಾರುತ್ತಿದ್ದರು. ಮಾಲಕರು ದುರುಗಪ್ಪನವರು, ಒಂದು ಕಾಲಕ್ಕೆ ಲಿಂಗಸುಗೂರಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಅವರು ಕಂಪನಿಗೊಂದು ಕಟ್ಟಳೆ ಮಾಡಿದ್ದರು. ಬರೆಯುವವರು ಚಿತ್ರದ ಕೋಣೆಗೆ ಕಾಲಿಡಬಾರದು, ಚಿತ್ರದವರು ಧ್ವನಿಯ ಕೋಣೆಗೆ ಹೋಗಬಾರದು. ಹೋದರೆ ಹರಟೆಯಾಗುತ್ತದೆ, ಹರಟೆಯಾದರೆ ಕೆಲಸ ಕೆಡುತ್ತದೆ ಎಂಬುದು ಅವರ ಲೆಕ್ಕ.

ಧ್ವನಿಯ ಕೋಣೆ ರಾಯಚೂರಿನ ಚಾಂದ್‌ಪಾಷಾನದು. ಕೆಲಸದ ಮೇಲೆ ಊರೂರು ತಿರುಗುವಾಗ ಅವನ ಜೊತೆ ಮಾತನಾಡುವುದೇ ಕಷ್ಟವಾಗಿತ್ತು. ಮಾತಿನ ನಡುವೆ ಕೈಯೆತ್ತಿ "ಸುಮ್ನಿರ್ರಿ" ಎಂದು ಯಾವುದೋ ಬಾಣಲೆಗೆ ಮೈಕು ಹಿಡಿದುಬಿಡುತ್ತಿದ್ದ. ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಕರಿಯುವ ಸದ್ದನ್ನು ಹಾಗೆಯೇ ಹಿಡಿದು ತಂದು ಒಂದು ಕಾರ್ಟೂನಿನಲ್ಲಿ ಮಳೆ ಸುರಿಸಿದ್ದ. ಅಕ್ಕಿ ಗಿರಣಿಯ ಸದ್ದು ರಾಕ್ಷಸನ ಹೊಟ್ಟೆಯಾಗಿತ್ತು.

ಚಿತ್ರದ ಕೋಣೆಯ ಪಕೀರಪ್ಪ ಇನ್ನೊಂದು ತರಹ. ಅವನ ಅಪ್ಪ ಅವ್ವ ಗೊರೇಬಾಳದಿಂದ ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋದವರು. ಅವನು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ, ಕಟ್ಟುತ್ತಿದ್ದ ಮನೆಗಳ ಮರಳಿನ ಗುಡ್ಡೆಗಳ ಮೇಲೆ. ಮಾತು ಕಮ್ಮಿ, ನೋಡುವುದು ಜಾಸ್ತಿ. ಜನರ ನಡಿಗೆ ಕಲಿಯಲು ಅವರ ಹಿಂದೆ ಹಿಂದೆಯೇ ಹೋಗುತ್ತಿದ್ದ. ಒಮ್ಮೆ ಲಿಂಗಸುಗೂರಿನಲ್ಲಿ ಒಬ್ಬ ಡೊಳ್ಳುಹೊಟ್ಟೆಯ ಸಾಹುಕಾರನ ಬೆನ್ನು ಹತ್ತಿದ. ಸಾಹುಕಾರ ನಿಂತರೆ ನಿಂತ, ತಿರುಗಿದರೆ ತಿರುಗಿದ. ಕೊನೆಗೆ ಆತ ಬೆವರೊರೆಸಿಕೊಳ್ಳುತ್ತ ಗದ್ದೆಮ್ಮನ ಬಳಿ ಬಂದು, "ಯವ್ವಾ, ಅಂವ ಇನ್‌ಕಮ್‌ಟ್ಯಾಕ್ಸಿನಂವ ಏನು?" ಎಂದು ಪಿಸುಗುಟ್ಟಿದ. ಅಲ್ಲ, ನಿಮ್ಮ ನಡಿಗೆಯನ್ನು ಆಮೆಗೆ ಹಾಕುವವನು ಎಂದು ಹೇಳಲಾಗದೆ ಗದ್ದೆಮ್ಮ ಸುಮ್ಮನೆ ತಲೆಯಾಡಿಸಿದಳು. ಸಾಹುಕಾರ ಹೌದೆಂದು ತಿಳಿದು ಓಡಿದ. ಪಕೀರಪ್ಪನಿಗೆ ಓಟವೂ ಸಿಕ್ಕಿತು.

ಇಂಥವರ ನಡುವೆ ಗದ್ದೆಮ್ಮನ ಮೊದಲ ಸ್ವಂತ ಚಿತ್ರ ಶುರುವಾಯಿತು. ಕಥೆ ಆದಮ್ಮನದು, ನೆರಳು ಕಳೆದುಕೊಂಡ ರಾಜನ ಮಗಳದು. ಒಂದು ಬೆಳಗ್ಗೆ ಅಂಗಳಕ್ಕೆ ಬಂದ ರಾಜನ ಮಗಳು ನೋಡುತ್ತಾಳೆ, ಕಾಲ ಕೆಳಗೆ ನೆರಳೇ ಇಲ್ಲ. ಬಾವಿಯನ್ನು ಕೇಳುತ್ತಾಳೆ, ಬೇವಿನ ಮರವನ್ನು ಕೇಳುತ್ತಾಳೆ, ಸೂರ್ಯನ ಅವ್ವನ ಮನೆಗೆ ಹೋಗಿ ಕೇಳುತ್ತಾಳೆ. ಹೊಳೆಗಳನ್ನು ದಾಟಿ ದಾಟಿ, ಕಡೆಯ ಹೊಳೆಯ ಆಚೆ ದಂಡೆಯಲ್ಲಿ ಒಂದು ಕಲ್ಲಿನ ಬುಡದಲ್ಲಿ ಮಲಗಿದ್ದ ತನ್ನ ನೆರಳನ್ನು ಕಂಡು, ಸೀರೆಯಂತೆ ಮಡಚಿ ಬಗಲಲ್ಲಿಟ್ಟುಕೊಂಡು ಮನೆಗೆ ಬರುತ್ತಾಳೆ.

ಈ ಕಥೆಯನ್ನು ಹಿಂದಿನ ವರ್ಷ ಪಂಚಮಿಗೆ ಊರಿಗೆ ಹೋದಾಗ ಗದ್ದೆಮ್ಮ ಕ್ಯಾಸೆಟ್ಟಿನಲ್ಲಿ ಹಿಡಿದು ತಂದಿದ್ದಳು. ಆ ಕಡೆ ಕಥೆಗೆ ಇಬ್ಬರು ಬೇಕು, ಹೇಳಲು ಒಬ್ಬರು, ಹೂಂ ಅನ್ನಲು ಒಬ್ಬರು. ಹೂಂ ಇಲ್ಲದ ಕಥೆ ಮುಂದೆ ಹೋಗುವುದಿಲ್ಲ. ಆದಮ್ಮನಿಗೆ ಹೂಂ ಅನ್ನುತ್ತಿದ್ದವಳು ಪಕ್ಕದ ಮನೆಯ ಮೆಹಬೂಬ್‌ಬೀ, ಗದ್ದೆಮ್ಮನ ಬಾಯಲ್ಲಿ ಬೂಬಮ್ಮ. ಇಬ್ಬರೂ ಒಂದೇ ಹೊಲದಲ್ಲಿ ಕಳೆ ತೆಗೆದವರು, ಒಂದೇ ಬಾವಿಯಲ್ಲಿ ನೀರು ಸೇದಿದವರು. ಉಂಡಾದ ಮೇಲೆ ಬೂಬಮ್ಮ ತಂಬಾಕಿನ ಚೀಲ ಹಿಡಿದು ಬಂದು ಕಟ್ಟೆಗೆ ಕೂತರೆ ಕಥೆ ಶುರು. ಅವಳಲ್ಲಿ ಬಗೆಬಗೆಯ ಹೂಂ ಇದ್ದವು. ನಂಬಿದ ಹೂಂ, ನಂಬದ ಹೂಂ, ಹೆದರಿದ ಹೂಂ, 'ಬೇಗ ಹೇಳು, ನಿದ್ದಿ ಬಂತು' ಎಂಬ ಹೂಂ.

ಕ್ಯಾಸೆಟ್ಟು ಕೇಳಿದ ದುರುಗಪ್ಪನವರಿಗೆ ಆದಮ್ಮನ ದನಿ ಎಷ್ಟು ಹಿಡಿಸಿತೆಂದರೆ, ಬೇರೆ ಯಾರಿಂದಲೂ ಹೇಳಿಸುವುದು ಬೇಡ, ಇದೇ ಇರಲಿ ಎಂದರು. ಕಾರ್ಟೂನಿನಲ್ಲಿ ಮೊದಲು ಧ್ವನಿ, ಆಮೇಲೆ ಚಿತ್ರ. ಚಾಂದ್‌ಪಾಷಾ ಧ್ವನಿಯನ್ನು ತುಣುಕು ತುಣುಕಾಗಿ ಕೇಳಿ ಒಂದು ದೊಡ್ಡ ಹಾಳೆಯಲ್ಲಿ ಗೆರೆ ಹಾಕುತ್ತಿದ್ದ. ಕಥೆಯ ಒಬ್ಬೊಬ್ಬರಿಗೂ ಒಂದೊಂದು ಸಾಲು, ಯಾರ ಬಾಯಿ ಯಾವಾಗ ತೆರೆಯುತ್ತದೆ, ಎಷ್ಟು ಹೊತ್ತು. ಆ ಹಾಳೆ ನೋಡಿ ಚಿತ್ರದ ಕೋಣೆಯಲ್ಲಿ ಬಾಯಿ ಬರೆಯಬೇಕು. ಕ್ಯಾಸೆಟ್ಟಿನಲ್ಲಿ ಹೂಂ ಇತ್ತು. ಇದ್ದದ್ದನ್ನು ಬರೆಯದೆ ಬಿಡಲು ಚಾಂದ್‌ಪಾಷಾನ ಮನಸ್ಸು ಒಪ್ಪಲಿಲ್ಲ. ಹೂಂಗೂ ಒಂದು ಸಾಲು ಕೊಟ್ಟ.

ಕ್ಯಾಸೆಟ್ಟು ಕೇಳಿರದ ಪಕೀರಪ್ಪ ಹಾಳೆ ನೋಡಿದ. ರಾಜ, ರಾಜನ ಮಗಳು, ಬಾವಿ, ಬೇವಿನ ಮರ, ಹೂಂ. ಈ ಹೂಂ ಯಾರು? ರಾಜನ ಮಗಳು ಹೋದಲ್ಲೆಲ್ಲ ಇದೆ. ಅರಮನೆಯಲ್ಲಿದೆ, ಅಡವಿಯಲ್ಲಿದೆ, ಹೊಳೆಯಲ್ಲಿದೆ. ಬೇರೆ ಮಾತೇ ಇಲ್ಲ. ಅವನು ಕಥೆ ಕೇಳಿ ಬೆಳೆದವನಲ್ಲ. ಅವನ ಅವ್ವ ದಿನವಿಡೀ ಬುಟ್ಟಿ ಹೊತ್ತು ಬಂದು ಉಣ್ಣುತ್ತಲೇ ನಿದ್ದೆ ಹೋಗುತ್ತಿದ್ದಳು. ಧ್ವನಿಯ ಕೋಣೆಗೆ ಹೋಗಿ ಕೇಳೋಣವೆಂದರೆ ಕಟ್ಟಳೆ ಅಡ್ಡ. ಬಹಳ ಯೋಚಿಸಿ, ಎಲ್ಲಿ ಹೋದರೂ ಹಿಂದೆ ಬಂದು ಹೂಂ ಅನ್ನುವುದು ಎಮ್ಮೆಯೇ ಇರಬೇಕೆಂದು ತೀರ್ಮಾನಿಸಿ, ಒಂದು ಚೆಂದದ ಎಮ್ಮೆ ಬರೆದ.

ಪೆನ್ಸಿಲ್ ಚಿತ್ರಗಳನ್ನು ಓಡಿಸಿ ನೋಡುವ ದಿನ ಗದ್ದೆಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ರಾಜನ ಮಗಳು ಎದ್ದಳು. ಹಾಸಿಗೆಯ ಪಕ್ಕದಲ್ಲಿ ಎಮ್ಮೆ. ಅಂಗಳಕ್ಕೆ ಬಂದಳು, ಎಮ್ಮೆಯೂ ಬಂತು. ಆದಮ್ಮನ ದನಿ "ನೆಳ್ಳ ಇಲ್ಲ ನೋಡವ್ವಾ" ಅಂದಿತು. ಎಮ್ಮೆ ಗಂಭೀರವಾಗಿ ಗೋಣು ಹಾಕಿ, ಬೂಬಮ್ಮನ ದನಿಯಲ್ಲಿ "ಹೂಂ" ಅಂದಿತು.

ಯಾರೂ ನಗಲಿಲ್ಲ. ಗದ್ದೆಮ್ಮನಿಗೆ ಒಂದು ಗಳಿಗೆ ತನ್ನ ಮೇಲೆಯೇ ಅನುಮಾನ ಬಂತು. ಅಜ್ಜಿಯ ಕಥೆಯಲ್ಲಿ ಎಮ್ಮೆ ಇದ್ದೇ ಇತ್ತೋ ಏನೋ, ತಾನೇ ಮೋಡ ನೋಡುತ್ತ ಕೇಳಿಸಿಕೊಳ್ಳಲಿಲ್ಲವೋ ಏನೋ.

"ಯಾರಪ್ಪಾ ಇದು?" ಎಂದರು ದುರುಗಪ್ಪನವರು.

"ಹೂಂ, ಸರ್," ಎಂದ ಪಕೀರಪ್ಪ.

"ಹೂಂ ಸರ್ ಅಂತ ಒಪ್ಗೊಂಡ್ರ ಆತೇನು? ಯಾರು ಅಂತ ಕೇಳಾಕತ್ತೀನಿ."

"ಅದ ಸರ್. ಹೂಂ."

ಇದು ಬಗೆಹರಿಯಲು ಚಹಾ ತರಿಸಬೇಕಾಯಿತು. ಬಗೆಹರಿದ ಮೇಲೆ ಗೊತ್ತಾದದ್ದು ಇನ್ನೂ ಕಷ್ಟದ್ದು. ಪಕೀರಪ್ಪ ಕಾಗದ ಉಳಿಸಲು ರಾಜನ ಮಗಳನ್ನೂ ಎಮ್ಮೆಯನ್ನೂ ಒಂದೇ ಹಾಳೆಯ ಮೇಲೆ ಬರೆದಿದ್ದ. ಎಮ್ಮೆಯನ್ನು ತೆಗೆದರೆ ಅವಳೂ ಹೋಗುತ್ತಾಳೆ. ಟಿವಿ ಕಮಿಟಿಯವರು ಮುಂದಿನ ವಾರ ನೋಡಲು ಬರುತ್ತಾರೆ. ಅವರಿಗೆ ಹಿಡಿಸಿದರೆ ಆದಮ್ಮನ ಕಥೆಗಳೇ ಕಂತು ಕಂತಾಗಿ ಬರುತ್ತವೆ, ಬರೆಯುವವಳು ಗದ್ದೆಮ್ಮ. ಇಲ್ಲದಿದ್ದರೆ ಅವಳು ವಾಪಸು ಹಲ್ಲುಪುಡಿಯ ಜಾಹೀರಾತಿಗೆ.

"ಎಮ್ಮಿ ತಗ್ಯಾಕ ಬರಂಗಿಲ್ಲ," ಎಂದರು ದುರುಗಪ್ಪನವರು. "ಕತ್ಯಾಗ ಎಮ್ಮಿ ತರ್ಸು. ನಿಮ್ಮ ಆಯಿ ಕಡಿಂದ ಇನ್ನೊಮ್ಮಿ ಹೇಳಿಸ್ಕೊಂಡು ಬಾ. ಕಾರು ಒಯ್ರಿ. ಮುಗದಿರೋ ಅಷ್ಟು ಚಿತ್ರ ಪಕೀರಪ್ಪ ತರ್ಲಿ, ಅದ್ಕ ಹೊಂದಂಗ ಹೇಳ್ಲಿ."

ಗದ್ದೆಮ್ಮ ಹೂಂ ಅಂದಳು. ಆ ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ಬೂಬಮ್ಮ ನೆನಪಾದಳು. ಚಿತ್ರ ಕೆಟ್ಟರೆ ಕೆಡಲಿ. ತನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ ಬೂಬಮ್ಮನನ್ನು ಎಮ್ಮೆ ಮಾಡಿದ್ದೇವೆಂದು ಅವಳಿಗೆ ಗೊತ್ತಾದರೆ?

ಸಿಂಧನೂರು ಮುಟ್ಟುವ ತನಕ ಗದ್ದೆಮ್ಮ ಇಬ್ಬರಿಗೂ ಒಂದೇ ಮಾತು ಹೇಳುತ್ತ ಬಂದಳು. ಎಮ್ಮೆ ಎಲ್ಲಿಂದ ಬಂತೆಂದು ಯಾರು ಕೇಳಿದರೂ ಬಾಯಿ ಬಿಡಬಾರದು. ಚಾಂದ್‌ಪಾಷಾ ಕಾರು ಓಡಿಸುತ್ತ ಆಣೆ ಮಾಡಿದ. ಪಕೀರಪ್ಪ ಹಿಂದೆ ಚಿತ್ರದ ಕಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಬದಿಯ ಎಮ್ಮೆಗಳನ್ನು ನೋಡುತ್ತ, ಕಿವಿ ಸ್ವಲ್ಪ ಸಣ್ಣದಾಯಿತೇನೋ ಎಂದು ಚಿಂತಿಸುತ್ತಿದ್ದ.

ಆದಮ್ಮ ಈಗ ಸಿಂಧನೂರಿನಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಮಗನ ಮನೆಯಲ್ಲಿದ್ದಳು. ಮೆಹಬೂಬ್‌ಬೀ ಲಿಂಗಸುಗೂರಿನಲ್ಲಿ ಮಗಳು ಮುನ್ನಿಬೀಯ ಮನೆಗೆ ಹೋಗಿದ್ದಳು. ಪಂಚಮಿ ಕಳೆದ ಮೇಲೆ ಇಬ್ಬರೂ ಊರು ಬಿಟ್ಟವರು, ಆಮೇಲೆ ಭೇಟಿಯಾಗಿರಲಿಲ್ಲ. ಗದ್ದೆಮ್ಮನಿಗೆ ಇದು ದೇವರೇ ಮಾಡಿದ ಉಪಕಾರವೆನಿಸಿತು. ಬೂಬಮ್ಮ ಇಲ್ಲದೆಯೇ ಕೆಲಸ ಮುಗಿಸಬಹುದು.

ಆದಮ್ಮ ಎಮ್ಮೆಯ ಮಾತು ಕೇಳಿ ತಕರಾರು ಮಾಡಲಿಲ್ಲ. "ಅರಮನ್ಯಾಗ ಹಾಲು ಬ್ಯಾಡೇನು? ಎಮ್ಮಿ ಇರ್ಲಿ," ಎಂದಳು. ತಕರಾರು ಬೇರೆ ಕಡೆಯಿಂದ ಬಂತು. ರಾತ್ರಿ ಹೇಳೋಣವೆಂದರೆ ಚಾಂದ್‌ಪಾಷಾ ಒಪ್ಪಲಿಲ್ಲ. ಮನೆಯ ಹಿಂದೆಯೇ ಭತ್ತದ ಗದ್ದೆ, ಕಪ್ಪೆಗಳ ಗದ್ದಲದಲ್ಲಿ ಮೈಕಿಗೆ ಬೇರೇನೂ ಕೇಳಿಸದು. ಹಗಲು ಹೇಳೆಂದರೆ ಆದಮ್ಮ ಒಪ್ಪಲಿಲ್ಲ.

"ಹಗಲೊತ್ತಿನ್ಯಾಗ ಕತಿ ಹೇಳಿದ್ರ ದಾರ್ಯಾಗ ಇದ್ದೋರು ದಾರಿ ತಪ್ತಾರಬೇ. ನಿಂಗ ಗೊತ್ತಿಲ್ಲೇನು?"

"ಆಯಿ, ಸ್ವಲ್ಪ ಹೇಳು. ನೋಡೂಣು."

"ಹೂಂ ಅನ್ನೋರು ಯಾರು?"

ಚಾಂದ್‌ಪಾಷಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಮುಂದೆ ಬಂದ. ಆದಮ್ಮ ಶುರು ಮಾಡಿದಳು. "ಒಂದೂರಾಗ ಒಬ್ಬ ರಾಜ ಇದ್ದ." "ಹೂಂ." "ಅವಗೊಬ್ಬಾಕಿ..." "ಹೂಂ." ಆದಮ್ಮ ನಿಲ್ಲಿಸಿದಳು.

"ತಮ್ಮಾ, ನೀ ಹೂಂ ಅಂತೀಯೋ, ಬಿಕ್ಕಳಿಕಿ ತಗೀತೀಯೋ? ಆಕಿ ಹುಟ್ಟೂಕಿಂತ ಮೊದ್ಲ ಹೂಂ ಅಂದ್ರ ಹೆಂಗ?"

ಗದ್ದೆಮ್ಮ ತಾನೇ ಕೂತಳು. ರಾಜನ ಮಗಳು ಅಂಗಳಕ್ಕೆ ಬರುತ್ತಲೇ ಗದ್ದೆಮ್ಮ ಅವಳ ಹಿಂದೆ ಎಲ್ಲಿಗೋ ಹೊರಟುಹೋಗಿ ಹೂಂ ಅನ್ನುವುದನ್ನೇ ಮರೆತಳು.

"ಆಗಂಗಿಲ್ಲ," ಎಂದು ಆದಮ್ಮ ಎದ್ದಳು. "ಮೆಹಬೂಬಿ ಬೇಕು. ಆಕಿ ಇಲ್ದ ನನ್ನ ಕತಿಗೆ ಕಾಲು ಬರಂಗಿಲ್ಲ."

ತಪ್ಪಿಸಲು ಸಾಧ್ಯವಿರಲಿಲ್ಲ. ಮಾರನೆಯ ದಿನ ನಸುಕಿಗೆ ಆದಮ್ಮ ಬಸ್‌ಸ್ಟ್ಯಾಂಡಿಗೆ ಹೋಗಿ, ಲಿಂಗಸುಗೂರಿನ ಮೊದಲ ಬಸ್ಸಿನ ಕಂಡಕ್ಟರನಿಗೆ "ಮುನ್ನಿಬೀ ಮನಿಗೆ ಹೇಳಪ್ಪಾ, ಆದಮ್ಮ ಕರ್ಯಾಕತ್ತಾಳ ಅಂತ" ಎಂದು ಹೇಳಿ ಬಂದಳು. ಆ ಕಡೆ ಸುದ್ದಿ ಕಳಿಸುವುದೆಲ್ಲ ಹಾಗೆಯೇ. ಆದರೆ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕರೆಸುವುದು ಯಾಕೆ, ಕಾರು ಇದೆಯಲ್ಲ, ನಾವೇ ಹೋಗೋಣ ಎಂದು ಸೆರಗು ಕಟ್ಟಿ ಹೊರಟೇಬಿಟ್ಟಳು.

ಹೊರಟವರು ನಡುದಾರಿಯ ಮಸ್ಕಿಯಲ್ಲಿ ದಾರಿ ತಪ್ಪಿದರು. ಗದ್ದೆಮ್ಮ ಹುಟ್ಟಿದಾಗಿನಿಂದ ಓಡಾಡಿದ ರಸ್ತೆ, ಚಾಂದ್‌ಪಾಷಾ ಕಣ್ಣು ಮುಚ್ಚಿ ಓಡಿಸುವ ರಸ್ತೆ. ಆದರೂ ಒಂದು ಹಂದಿ ಅಡ್ಡ ಬಂತು, ಕಾರು ಪಕ್ಕದ ದಾರಿಗೆ ಹೊರಳಿತು, ಯಾವುದೋ ಹಳ್ಳಿಯ ಜೋಳದ ಕಣದ ನಡುವೆ ಹೋಗಿ ನಿಂತಿತು. ಕಣದಲ್ಲಿದ್ದವರು ಎದ್ದು ನಿಂತು ನೋಡಿದರು.

"ನಾ ಹೇಳಿರ್ಲಿಲ್ಲೇನು?" ಎಂದಳು ಆದಮ್ಮ, ಬಹಳ ತೃಪ್ತಿಯಿಂದ. "ನಿನ್ನೆ ಹಗಲು ಕತಿ ಹೇಳಿಸೀರಿ. ಅನುಭೋಗಸ್ರಿ."

ಚಾಂದ್‌ಪಾಷಾ ಕಾರು ತಿರುಗಿಸುತ್ತ, "ಎರಡ ಮಾತು ಹೇಳಿದ್ದು, ಆಯಿ," ಎಂದು ಗೊಣಗಿದ.

"ಅದ್ಕ ಇಷ್ಟ ತಪ್ಪೈತಿ. ಪೂರಾ ಹೇಳಿದ್ರ ಗೋವಾಕ್ಕ ಹೋಗ್ತಿದ್ರಿ."

ಲಿಂಗಸುಗೂರಿನಲ್ಲಿ ಮುನ್ನಿಬೀ ಬಾಗಿಲಲ್ಲಿಯೇ ಹಣೆ ಚಚ್ಚಿಕೊಂಡಳು. "ನೀವು ಇಲ್ಲಿಗ್ಯಾಕ ಬಂದ್ರಿ? ಕಂಡಕ್ಟರ್ ಹೇಳಿದ ಕೂಡ್ಲೆ ಅಮ್ಮಾ ಬಸ್ ಹತ್ಯಾಳ, ಸಿಂಧನೂರಿಗೆ. ಚಾ ಸೈತ ಕುಡೀಲಿಲ್ಲ." ಹೋದ ಬಸ್ಸು ಕಾರಿಗೆ ಎದುರಾಗಿ ದಾಟಿ ಹೋಗಿತ್ತು. ಅಥವಾ ಇವರು ಜೋಳದ ಕಣದಲ್ಲಿದ್ದಾಗ ಹೋಗಿತ್ತು. ಯಾರಿಗೂ ತಿಳಿಯಲಿಲ್ಲ. ಗದ್ದೆಮ್ಮನಿಗೆ ಯಾವ ಊರಿನಲ್ಲಿ ಯಾರಿದ್ದಾರೆ ಎಂಬುದೇ ಕಲಸಿಹೋಯಿತು. ತಾವು ಸಿಂಧನೂರಿಗೆ ಹೋದರೆ ಅವಳು ತಿರುಗಿ ಲಿಂಗಸುಗೂರಿಗೆ ಬರುತ್ತಾಳೆ, ಇಲ್ಲಿಯೇ ಕಾದರೆ ಅವಳು ಅಲ್ಲಿಯೇ ಕಾಯುತ್ತಾಳೆ. ಕಮಿಟಿ ಬರುವ ದಿನದ ತನಕ ಈ ರಸ್ತೆಯ ಮೇಲೆಯೇ ಹೋಗುತ್ತ ಬರುತ್ತ ಇರುವ ತಮ್ಮ ಕಾರು ಅವಳ ಕಣ್ಣ ಮುಂದೆ ಬಂತು.

ವಾಪಸು ಮಸ್ಕಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೆಹಬೂಬ್‌ಬೀ ಕೂತಿದ್ದಳು. ಬದಿಯಲ್ಲಿ ತಂಬಾಕಿನ ಚೀಲ, ಕೈಯಲ್ಲಿ ಅರ್ಧ ತಿಂದ ಮಿರ್ಚಿ, ಮುಂದೆ ಒಗ್ಗರಣೆ ಮಂಡಕ್ಕಿಯ ಪೊಟ್ಟಣ.

"ಬರ್ತೀರಂತ ಗೊತ್ತಿತ್ತು," ಎಂದಳು. "ಈಕಿ ಕರದು ಸುಮ್ನ ಕೂಡೂ ಪೈಕಿ ಅಲ್ಲ. ಅದ್ಕ ನಡುವ ಇಳದೆ. ಯಾ ಕಡೆ ಹೋದ್ರೂ ಇಲ್ಲಿಂದನ ಹೋಗ್ಬೇಕಲ್ಲ?"

ಆದಮ್ಮ ಅವಳ ಪಕ್ಕದಲ್ಲಿ ಕೂತು ಮಿರ್ಚಿಯ ಉಳಿದ ಅರ್ಧ ಕಿತ್ತುಕೊಂಡಳು. ಅಷ್ಟು ತಿಂಗಳ ಮೇಲಿನ ಭೇಟಿ ಅದು.

ಮತ್ತೆ ಸಿಂಧನೂರಿನ ಕಪ್ಪೆಗಳ ನಡುವೆ ಹೋಗುವ ಬದಲು ಇಲ್ಲಿಯೇ ಮುಗಿಸೋಣವೆಂದು ಚಾಂದ್‌ಪಾಷಾ ಪರಿಚಯದವರೊಬ್ಬರ ಹತ್ತಿ ಗೋದಾಮು ತೆಗೆಸಿದ. ಹತ್ತಿಯ ಅಂಡಿಗೆಗಳ ನಡುವೆ ದನಿ ಮಾರ್ದನಿಸುವುದಿಲ್ಲ ಎಂದು ಅವನಿಗೆ ಖುಷಿಯೋ ಖುಷಿ. ಹಗಲು ಕಥೆಯೆಂದು ಆದಮ್ಮ ಮತ್ತೆ ತಕರಾರು ತೆಗೆದಳು. ಬೂಬಮ್ಮ ಬಾಗಿಲು ಎಳೆದು, "ಈಗ ಕತ್ಲಿ ಆತಲ್ಲ, ಹೇಳು," ಎಂದಳು. ಒಂದೇ ಬಲ್ಬಿನ ಬೆಳಕಿನಲ್ಲಿ ಹತ್ತಿಯ ಎಳೆಗಳು ತೇಲುತ್ತ ಬಂದು ಇಬ್ಬರ ತಲೆಯ ಮೇಲೂ ಕೂತವು. ಗದ್ದೆಮ್ಮ ಅದನ್ನೇ ನೋಡುತ್ತ ಮೈಮರೆತಿದ್ದಾಗ ಬೂಬಮ್ಮ ಕೈ ಚಾಚಿದಳು.

"ಚಿತ್ರ ತೋರ್ಸ್ರಿ ಮೊದ್ಲು. ಯಾವುದ್ಕ ಹೂಂ ಅನ್ಬೇಕು ನೋಡೂಣು."

"ಬೂಬಮ್ಮಾ, ಅವು ಇನ್ನಾ ಹಸಿ ಅದಾವು," ಎಂದಳು ಗದ್ದೆಮ್ಮ ಗಾಬರಿಯಿಂದ.

"ಪೆನ್ಸಿಲ್ಲಿನ್ವು ಹಸಿ ಹೆಂಗ ಇರ್ತಾವ್ರಿ?" ಎಂದ ಪಕೀರಪ್ಪ, ಕಟ್ಟು ಬಿಚ್ಚುತ್ತ.

ಅವನು ಹಾಳೆಗಳ ಅಂಚು ಹಿಡಿದು ಸರ್ರನೆ ಬಿಟ್ಟ. ರಾಜನ ಮಗಳು ನಡೆದಳು. ಹಿಂದೆ ಎಮ್ಮೆ ನಡೆಯಿತು. ಇಬ್ಬರು ಮುದುಕಿಯರೂ ಬಾಯಿ ತೆರೆದು ನೋಡಿದರು.

"ಎಮ್ಮಿ ಭಾಳ ಚೊಲೊ ಬಂದೈತಿ," ಎಂದಳು ಬೂಬಮ್ಮ. "ನಿನ್ನ ಕತ್ಯಾಗ ಎಮ್ಮಿ ಎಲ್ಲಿತ್ತಬೇ, ಆದಮ್ಮ?"

"ಇರ್ಲಿಲ್ಲ. ಈಗ ಐತಂತ."

"ಯಾರದು?"

ಗದ್ದೆಮ್ಮ ಬಾಯಿ ತೆರೆದಳು. ದಿನಕ್ಕೊಂದು ಸುಳ್ಳು ಹೆಣೆದು ಪಗಾರ ತಿನ್ನುತ್ತಿದ್ದವಳಿಗೆ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ. ಪಕೀರಪ್ಪನಿಗೆ ಎದುರಿನವರು ತನ್ನ ಎಮ್ಮೆಯನ್ನು ಹೊಗಳಿದ್ದೇ ತಡ, ಗದ್ದೆಮ್ಮ ದಾರಿಯುದ್ದಕ್ಕೂ ಹೇಳಿದ್ದೆಲ್ಲ ಮರೆತುಹೋಗಿತ್ತು.

"ಅದು ಹೂಂ ಅನ್ನೂದು, ಆಯಿ," ಎಂದ ಅಕ್ಕರೆಯಿಂದ. "ಕ್ಯಾಸೆಟ್ಟಿನ್ಯಾಗ ಹೂಂ ಅಂತ ಇತ್ತಂತಲ್ಲ, ನಾ ಎಮ್ಮಿ ಅಂತ ತಿಳಕೊಂಡೆ."

 ಆದಮ್ಮ ನಕ್ಕಳು. ತೊಡೆ ಬಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. "ಇಷ್ಟು ವರ್ಷ ನಾ ಎಮ್ಮಿಗೆ ಕತಿ ಹೇಳೀನೇನಬೇ, ಮೆಹಬೂಬಿ?"

ಪಕೀರಪ್ಪ ಹಾಗೆ ಅಂದಾಗ ಬೂಬಮ್ಮನ ಮುಖ ಕೆಟ್ಟಿರಲಿಲ್ಲ. ಆದಮ್ಮ ನಕ್ಕಾಗ ಕೆಟ್ಟಿತು. ಅವಳು ತಂಬಾಕಿನ ಚೀಲದ ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗದ್ದೆಮ್ಮನಿಗೆ ಅಳು ಬಂತು, ಆದರೆ ಯಾರ ಮುಂದೆ ಅಳಬೇಕೆಂದು ತಿಳಿಯಲಿಲ್ಲ. ಚಾಂದ್‌ಪಾಷಾ, ಬೇರೇನು ಮಾಡಲೂ ತೋಚದೆ, ಟೇಪು ಶುರು ಮಾಡಿದ.

"ಒಂದೂರಾಗ ಒಬ್ಬ ರಾಜ ಇದ್ದ," ಎಂದಳು ಆದಮ್ಮ.

ಹೂಂ ಬರಲಿಲ್ಲ.

"ಒಬ್ಬ ರಾಜ ಇದ್ದ ಅಂದೆ."

ಟೇಪು ತಿರುಗುತ್ತಿತ್ತು.

"ಹೂಂ ಅನ್ನಬೇ. ಹುಡುಗಿ ಕೆಲ್ಸ ಹೋಗ್ತೈತಂತ."

"ಹುಡುಗಿ ಸಲುವಾಗೇನು, ಮಾಡೂಣು," ಎಂದಳು ಬೂಬಮ್ಮ. "ಆದ್ರ ಇವತ್ತು ಎಮ್ಮಿ ಕತಿ ಹೇಳ್ತೈತಿ. ನೀ ಹೂಂ ಅನ್ನು."

ಆದಮ್ಮ ಗದ್ದೆಮ್ಮನ ಮುಖ ನೋಡಿದಳು. ಗದ್ದೆಮ್ಮ ಪಕೀರಪ್ಪನ ಮುಖ ನೋಡಿದಳು. ಪಕೀರಪ್ಪ ಮೊದಲ ಹಾಳೆ ತೆಗೆದು ಬೂಬಮ್ಮನ ಮುಂದೆ ಹಿಡಿದ.

ಆದಮ್ಮನಿಗೆ ಹೂಂ ಅನ್ನಲು ಬರುತ್ತಿರಲಿಲ್ಲ. ಜನ್ಮದಲ್ಲಿ ಅಂದವಳಲ್ಲ. ಮೊದಲನೆಯದು ಕೋಳಿ ಓಡಿಸಿದಂತೆ ಬಂತು, ಎರಡನೆಯದು ಬರಲೇ ಇಲ್ಲ. "ತಡಾ ಮಾಡಬ್ಯಾಡ," ಎಂದಳು ಬೂಬಮ್ಮ, "ನನ್ನ ಕತಿ ನಿಂತ್ರ ನಿನ್ನ ತಲಿ ಮ್ಯಾಲೆ." ಬಾವಿಯ ಬಳಿ ಬರುವಷ್ಟರಲ್ಲಿ ಆದಮ್ಮ ಒಂದು ಮುನಿಸಿನ ಹೂಂ ಕಲಿತಳು. ಸೂರ್ಯನ ಅವ್ವನ ಮನೆ ಮುಟ್ಟಿದಾಗ, ತನಗೇ ಗೊತ್ತಿಲ್ಲದೆ, ಮುಂದೆ ಬಾಗಿ ಕೂತಿದ್ದಳು.

ಕಥೆ ಅದೇ ಇತ್ತು, ಅದೇ ಆಗಿರಲಿಲ್ಲ. ಆದಮ್ಮ ಹೇಳುವಾಗ ರಾಜನ ಮಗಳು ಸರಸರನೆ ಹೋಗುತ್ತಿದ್ದಳು. ಬೂಬಮ್ಮ ಹಾಳೆ ನೋಡಿ ನೋಡಿ ಹೇಳುತ್ತಿದ್ದುದರಿಂದ ಎಮ್ಮೆಯ ಕೆಸರು ಹತ್ತಿದ ಗೊರಸೂ ಬಂತು, ಅದು ನಿಂತು ಹಿಂದೆ ನೋಡಿದ್ದೂ ಬಂತು. ಕಡೆಯ ಹೊಳೆ ದಾಟಿದ ಮೇಲೆ ಚಿತ್ರ ಮುಗಿದಿತ್ತು. ಎಮ್ಮೆಯ ಗದ್ದಲದಲ್ಲಿ ಮುಂದಿನದನ್ನು ಪಕೀರಪ್ಪ ಬರೆದೇ ಇರಲಿಲ್ಲ. ಕೊನೆಯ ಹಾಳೆಯಲ್ಲಿ ಆಚೆ ದಂಡೆಯ ಬಿಸಿಲಲ್ಲಿ ರಾಜನ ಮಗಳು, ಅವಳ ಹಿಂದೆ ನೀರು ಸೋರುತ್ತ ಎಮ್ಮೆ. ಬೂಬಮ್ಮ ಅದನ್ನು ಕೈಗೆ ತೆಗೆದುಕೊಂಡು ಬಲ್ಬಿಗೆ ಹಿಡಿದಳು.

"ಹುಡುಗಿಗಿ ನೆಳ್ಳಿಲ್ಲ, ಬರೋಬರಿ. ಗಿಡಕ್ಕೈತಿ. ಕಲ್ಲಿಗೈತಿ. ಎಮ್ಮಿಗ್ಯಾಕಿಲ್ಲೋ ತಮ್ಮಾ?"

ಪಕೀರಪ್ಪ ತಲೆ ತುರಿಸಿಕೊಂಡ. "ಎಮ್ಮೀನೂ ಕರ್ರಗ, ನೆಳ್ಳೂ ಕರ್ರಗ. ಎರಡೂ ಕೂಡಿ ರಾಡಿ ಕಾಣ್ತಾವಂತ ಬಿಟ್ಟೆ."

 ಬೂಬಮ್ಮ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು.

"ನೆಳ್ಳಿಗೆ ನೆಳ್ಳು ಎಲ್ಲಿಂದ ಬರ್ಬೇಕು? ಆಕಿ ನೆಳ್ಳು ಅದ ಇತ್ತು. ಅರಮನ್ಯಾಗ ಎದ್ದಾಗಿಂದ ಹಿಂದ ಬಂದಿತ್ತು. ಬಾವಿ ಕೇಳಿದ್ಲು, ಗಿಡ ಕೇಳಿದ್ಲು, ಸೂರ್ಯನ ಅವ್ವನ ಕಾಲು ಹಿಡಕೊಂಡು ಕೇಳಿದ್ಲು, ನನ್ನ ನೆಳ್ಳು ನೋಡೀರೇನು ಅಂತ. ಹಿಂದ ಬಂದಿದ್ದನ್ನ ಒಂದಿನ ಕೇಳ್ಲಿಲ್ಲ. ಅದು ಹೂಂ ಅಂತ ಬಂತು, ಅಷ್ಟ."

ಹೂಂ ಬೀಳಬೇಕಾದ ಜಾಗ ಅದು. ಬೀಳಲಿಲ್ಲ. ಚಾಂದ್‌ಪಾಷಾ ಕೈಯಾಡಿಸಿ ಸನ್ನೆ ಮಾಡಿದ. ಆದಮ್ಮ ಅವನ ಕಡೆ ನೋಡಲಿಲ್ಲ. ಸೆರಗಿಗೆ ಹತ್ತಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.

"ಹುಲ್ಲರ ಹಾಕಿದ್ಲೇನು ಎಮ್ಮಿಗೆ?" ಎಂದಳು ಕೊನೆಗೆ. "ಅಷ್ಟು ದೂರ ನಡಸ್ಕೊಂಡು ಬಂದು?"

"ಇಲ್ಲ."

"ನೀರು?"

"ಹೊಳ್ಯಾಗ ತಾನ ಕುಡೀತು."

"ಹೂಂ," ಎಂದಳು ಆದಮ್ಮ. ಅದು ಬೂಬಮ್ಮನ ಹೂಂಗಳಲ್ಲಿ ಯಾವುದೂ ಆಗಿರಲಿಲ್ಲ. "ಮುಂದ?"

"ಮುಂದ ನೀ ಹೇಳು. ಕತಿ ನಿಂದು."

"ನಂಗೇನು ಗೊತ್ತು? ಎಮ್ಮಿ ನಿಂದು."

ಇಬ್ಬರೂ ಎದ್ದರು. ಟೇಪು ತಿರುಗುತ್ತಲೇ ಇತ್ತು. ಗದ್ದೆಮ್ಮ "ಆಯಿ, ಕಡೀಕೇನಾತು?" ಎಂದು ಹಿಂದೆ ಓಡಿದಳು. ಕೊನೆಯಿಲ್ಲದ ಕಥೆಯನ್ನು ಕಮಿಟಿಯ ಮುಂದೆ ಇಡುವುದು ಹೇಗೆ? ಮುದುಕಿಯರು ಬಾಗಿಲು ತೆಗೆದು ಬಿಸಿಲಿಗೆ ಹೋಗಿ, ಕಣ್ಣು ಕಿರಿದು ಮಾಡಿಕೊಂಡು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

"ಈಗ ನೆಲಕ್ಕ ಮಲಗ್ಬೇಕು ಅದು, ಆಕಿ ಕಾಲಾಗ," ಎನ್ನುತ್ತಿದ್ದಳು ಬೂಬಮ್ಮ. "ಇಲ್ಲಂದ್ರ ನೆಳ್ಳು ಹೆಂಗ ಆಗ್ತೈತಿ?"

"ಯಾಕ ಮಲಗ್ಬೇಕು? ಅಷ್ಟು ನಡದ್ಬಂದು ಮತ್ತ ಕಾಲಾಗ ಬೀಳ್ಬೇಕೇನು?"

"ಮತ್ತ ಆಕಿ ನೆಳ್ಳಿಲ್ದ ಊರಿಗೆ ಹೋಗ್ಬೇಕೇನು? ಜನ ಏನಂದಾರು?"

"ಅನ್ಲಿ. ಎಮ್ಮಿ ಐತಲ್ಲ ಬಾಜೂಕ."

ಅವರ ಹಿಂದೆ ಚಾಂದ್‌ಪಾಷಾ, ಬಗಲಲ್ಲಿ ಟೇಪಿನ ಪೆಟ್ಟಿಗೆ ನೇತುಹಾಕಿಕೊಂಡು, ಮೈಕು ಮುಂದೆ ಚಾಚಿಕೊಂಡು, ಕಳ್ಳನಂತೆ ನಡೆದ. ಅವನ ಹಿಂದೆ ಪಕೀರಪ್ಪ ಇಬ್ಬರ ನಡಿಗೆಯನ್ನೂ ನೋಡುತ್ತ ನಡೆದ. ಅವರೆಲ್ಲರ ಹಿಂದೆ ಗದ್ದೆಮ್ಮ.

ದಾರಿಯಲ್ಲಿ ಟೇಪಿಗೆ ಸಿಕ್ಕ ಆ ಜಗಳವನ್ನೇ ಕೊನೆಗಿಟ್ಟ ಚಿತ್ರವನ್ನು ಕಮಿಟಿಯವರು ಪಾಸು ಮಾಡಿದರು. ಕೊನೆಯಲ್ಲಿ ಇಬ್ಬರು ಯಾಕೆ ಜಗಳಾಡುತ್ತಾರೆ ಎಂದು ಅವರಲ್ಲೊಬ್ಬರು ಕೇಳಿದರು. ದುರುಗಪ್ಪನವರು ಆ ಕಡೆಯ ಕಥೆಗಳು ಮುಗಿಯುವುದೇ ಹಾಗೆ ಎಂದು ಮುಖ ಗಂಟು ಹಾಕಿಕೊಂಡು ಹೇಳಿಬಿಟ್ಟರು. ಗದ್ದೆಮ್ಮ ಆಮೇಲೆ ಎಷ್ಟೋ ಕಂತು ಬರೆದಳು. ಆದರೆ ಬೂಬಮ್ಮ ಅಂದು ತಮ್ಮನ್ನೆಲ್ಲ ಕ್ಷಮಿಸಿದಳೋ, ಬುದ್ಧಿ ಕಲಿಸಿದಳೋ, ಸುಮ್ಮನೆ ಒಂದು ಕಥೆ ಹೇಳಿದಳೋ, ಗದ್ದೆಮ್ಮನಿಗೆ ಇಂದಿಗೂ ಗೊತ್ತಾಗಿಲ್ಲ. ಕೇಳೋಣವೆಂದರೆ ಪ್ರತಿಸಲವೂ ಬೂಬಮ್ಮ "ಎಮ್ಮಿಗೇನು ತಿಳೀತೈತಿ" ಎಂದು ತಂಬಾಕು ತಿಕ್ಕುತ್ತಿದ್ದಳು.

ಆ ದಿನ ಮಸ್ಕಿಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಲಿಂಗಸುಗೂರಿನ ಬಸ್ಸು ಬಂತು, ಹೋಯಿತು. ಸಿಂಧನೂರಿನ ಬಸ್ಸು ಬಂತು, ಕಂಡಕ್ಟರು ಕೂಗಿದ, ಅದೂ ಹೋಯಿತು. ಯಾರೂ ಏಳಲಿಲ್ಲ. ಚಾಂದ್‌ಪಾಷಾ ಅವರ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹೆಡ್‌ಫೋನು ಒತ್ತಿ ಹಿಡಿದುಕೊಂಡಿದ್ದ. ಗದ್ದೆಮ್ಮ ಮೆಲ್ಲಗೆ ಹೋಗಿ ಅವನ ಪಕ್ಕದಲ್ಲಿ ಕೂತಳು.

"ಕೇಳಸಾಕತ್ತೈತೇನು, ಭಾಯ್?"

"ಬಸ್ಸಿನ ಗದ್ಲ ಭಾಳ ಐತಿ. ಕತಿ ತಿಳಿವಲ್ದು. ಹೂಂ ಮಾತ್ರ ಚೊಲೊ ಕೇಳಸಾಕತ್ತೈತಿ."

"ಯಾರ್ದು?"

ಅವನು ಹೇಳಲು ಬಾಯಿ ತೆರೆದವನು ನಿಲ್ಲಿಸಿದ. ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದ. ಆಮೇಲೆ ಹೆಡ್‌ಫೋನು ತೆಗೆದು ಅವಳ ಕೈಗೆ ಕೊಟ್ಟ.

"ನೀನ ನೋಡು," ಎಂದ. "ನಂಗ ಗೊತ್ತಾಗವಲ್ದು."